ಅಪ್ಪ, ಕರಿಬೇವು ಮತ್ತು ಒಂದು ಮುಷ್ಟಿ ಯೂರಿಯಾ

ನಲವತ್ತು ವರ್ಷ ಅಡಿಕೆ ತೋಟ ಮಾಡಿದ ಮನುಷ್ಯನೊಬ್ಬ ಕುಂಡದಲ್ಲಿರೋ ಕರಿಬೇವಿನ ಗಿಡಕ್ಕೆ ನೀರು ಹಾಕಿ ಹಾಕಿಯೇ ಅದನ್ನ ಸಾಯೋ ಹಂತಕ್ಕೆ ತಂದ ಅಂದ್ರೆ ನಂಬ್ತೀರಾ? ನಂಬಲೇಬೇಕು. ಆ ಮನುಷ್ಯ ನಮ್ಮಪ್ಪ. ಇದನ್ನ ಬರೆಯೋದಕ್ಕೆ ಅವನ ಅನುಮತಿ ಸಿಕ್ಕಿದೆ, ಒಂದು ಷರತ್ತಿನ ಮೇಲೆ: ಗಿಡ ಬದುಕಿತು ಅನ್ನೋದನ್ನ ಮೊದಲೇ ಹೇಳಿಬಿಡಬೇಕಂತೆ. ಹೇಳಿದೆ. :)

2024ರ ಮೇ ಕೊನೆಯಲ್ಲಿ ಅಪ್ಪನಿಗೆ ಬೆಂಗಳೂರಿನಲ್ಲಿ ಮಂಡಿ ಬದಲಿಸೋ ಆಪರೇಷನ್ ಆಯ್ತು. ಮೂರು ತಿಂಗಳು ತೋಟಕ್ಕೆ ಇಳಿಯೋ ಹಾಗಿಲ್ಲ ಅಂತ ಡಾಕ್ಟರ ಕಟ್ಟಪ್ಪಣೆ. ಅಮ್ಮ ದನ-ಕರು ನೋಡಿಕೊಂಡು ಊರಲ್ಲಿ, ಅಪ್ಪ ವಾಕರ್ ಹಿಡಿದುಕೊಂಡು ನನ್ನ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ. ಮಲೆನಾಡಿನ ಅಡಿಕೆ ಬೆಳೆಗಾರನಿಗೆ ಜೂನ್-ಜುಲೈ ಅಂದ್ರೆ ಎಂಥ ತಿಂಗಳು ಅಂತ ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಕೊಳೆರೋಗ ಬಾರದ ಹಾಗೆ ಗೊನೆಗಳಿಗೆ ಬೋರ್ಡೋ ಹೊಡೆಸಬೇಕು, ಬಸಿಗಾಲುವೆ ಕಟ್ಟಿಕೊಂಡಿದ್ರೆ ಬಿಡಿಸಬೇಕು, ಮಳೆ ಎಷ್ಟು ಬಿತ್ತು ಅಂತ ದಿನಾ ಬೆಳಿಗ್ಗೆ ಅಳೆದು ಪುಸ್ತಕದಲ್ಲಿ ಬರೆಯಬೇಕು. ಮೊದಲ ಸುತ್ತು ಔಷಧಿ ಹೊಡೆಸಿಯೇ ಅಪ್ಪ ಆಸ್ಪತ್ರೆಗೆ ಬಂದಿದ್ದ. ಎರಡನೇ ಸುತ್ತು ನಲವತ್ತು ನಲವತ್ತೈದು ದಿನದೊಳಗೆ ಆಗಬೇಕು. ಆ ಜುಲೈನಲ್ಲಿ ಮಳೆ ಬಿಡಲೇ ಇಲ್ಲ. ಬೆಳಿಗ್ಗೆ ಎದ್ದು ಊರಿಗೆ ಫೋನು, ಮಧ್ಯಾಹ್ನ ಕೊನೆಗೌಡನಿಗೆ ಫೋನು, ಸಂಜೆ ಪಕ್ಕದ ತೋಟದವರಿಗೆ ಫೋನು. ಉತ್ತರ ಎಲ್ಲ ಕಡೆಯಿಂದಲೂ ಒಂದೇ: ಮಳೆ ಹೊಳವಾಗಲಿ ನೋಡುವ.

ಫೋನಿಟ್ಟ ಮೇಲೆ ಉಳಿದ ಹೊತ್ತೆಲ್ಲ ಬಾಲ್ಕನಿಯಲ್ಲಿ. ಅಲ್ಲಿ ಇದ್ದದ್ದು ಒಂದೇ ಗಿಡ. ನಾವು ಮನೆ ಬದಲಿಸಿದಾಗ ಗೆಳೆಯರು ಕೊಟ್ಟ ಕರಿಬೇವು. ಒಳಗೆ ಹನ್ನೆರಡು ಇಂಚಿನ ಪ್ಲಾಸ್ಟಿಕ್ ಕುಂಡ, ಅದನ್ನ ಇಳಿಸಿಟ್ಟಿದ್ದು ಒಂದು ಚೆಂದದ ಚೀನಿಮಣ್ಣಿನ ಹೊರಕುಂಡದಲ್ಲಿ. ಅಪ್ಪನಿಗೆ ದಿನಕ್ಕೆ ನಾಲ್ಕು ಸಲ ಮನೆಯೊಳಗೆ ನಡೆಯಬೇಕು ಅಂತ ಫಿಸಿಯೋಥೆರಪಿಯವರು ಹೇಳಿದ್ದರು. ನಾಲ್ಕು ಸಲ ನಡೆದ, ನಾಲ್ಕು ಸಲವೂ ಬಾಲ್ಕನಿಗೇ ನಡೆದ, ಪ್ರತಿ ಸಲವೂ ಒಂದೊಂದು ಚೊಂಬು ನೀರು. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಕೆಳಗಿನ ಮನೆಯ ಆಂಟಿ ಕೊಟ್ಟು ಕಳಿಸಿದ ಹುಳಿ ಮಜ್ಜಿಗೆ. ಕರಿಬೇವಿಗೆ ಹುಳಿ ಮಜ್ಜಿಗೆ ಹಾಕಬೇಕು ಅನ್ನೋದು ನಮ್ಮಲ್ಲಿ ಸಂವಿಧಾನದಷ್ಟೇ ಗಟ್ಟಿ, ಬಿಡಿ.

ಜೂನ್ ಕೊನೆಯ ಹೊತ್ತಿಗೆ ಕೆಳಗಿನ ಎಲೆಗಳು ಹಳದಿಯಾದವು. ಮುಟ್ಟಿದ್ರೆ ಉದುರುತ್ತಿದ್ದವು. ತುದಿ ಚಿಗುರು ಜೋತು ಬಿತ್ತು. ಅಪ್ಪ ಅಪಾರ್ಟ್‌ಮೆಂಟಿನ ಮಾಲಿಯ ಹತ್ತಿರ ದೋಸ್ತಿ ಬೆಳೆಸಿ, "ಗಿಡಕ್ಕೆ ಶಕ್ತಿ ಇಲ್ಲ" ಅಂತ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಯೂರಿಯಾ ತರಿಸಿಕೊಂಡ. ಒಂದು ಮುಷ್ಟಿ ಹಾಕಿದ. ಐದೇ ದಿನದಲ್ಲಿ ಎಲೆಯ ತುದಿಗಳು ಬೀಡಿ ತಾಗಿಸಿದ ಹಾಗೆ ಕಂದಾಗಿ ಸುಟ್ಟುಕೊಂಡವು.

"ಎಂತ ಆಯ್ತು ಮಾರಾಯ ಇದಕ್ಕೆ? ನಮ್ಮನೆ ಹಿತ್ತಿಲಲ್ಲಿ ಇರೋ ಕರಿಬೇವಿಗೆ ನೂರಿಂಚು ಮಳೆ ಬೀಳ್ತದೆ. ಅದು ಸಾಯೋದಿಲ್ಲ. ಇದು ನಾಲ್ಕು ಚೊಂಬಿಗೆ ಸಾಯ್ತದಾ?"

ನಿಜ ಹೇಳ್ತೀನಿ, ಪ್ರಶ್ನೆ ಚೆನ್ನಾಗಿತ್ತು. "ಜಾಸ್ತಿ ನೀರು ಹಾಕಬಾರದು" ಅಂತ ಎಲ್ಲರೂ ಹೇಳ್ತಾರೆ, ಆದರೆ ನೂರಿಂಚು ಮಳೆಗೆ ಸಾಯದ ಗಿಡ ಚೊಂಬಿನ ನೀರಿಗೆ ಯಾಕೆ ಸಾಯುತ್ತೆ ಅಂತ ಯಾರೂ ಹೇಳೋದಿಲ್ಲ. ಬೆಂಗಳೂರಿನ ಇಡೀ ವರ್ಷದ ಸರಾಸರಿ ಮಳೆಯೇ ಸುಮಾರು 970 ಮಿಲಿಮೀಟರ್, ಅಂದ್ರೆ ಮೂವತ್ತೆಂಟು ಇಂಚಿನ ಆಸುಪಾಸು. ನಮ್ಮೂರಿಗೆ ಬೀಳೋ ಮಳೆ ಅದರ ಎರಡೂವರೆ ಪಟ್ಟು. ಲೆಕ್ಕದ ಪ್ರಕಾರ ನಮ್ಮೂರಿನ ಕರಿಬೇವು ಯಾವತ್ತೋ ಕೊಳೆತು ಹೋಗಬೇಕಿತ್ತು.

ಅಪ್ಪನಿಗೆ ಉತ್ತರ ಹೇಳೋದಕ್ಕೆ ನಾನು ಪಾತ್ರೆ ತೊಳೆಯೋ ಸ್ಪಂಜು ತಂದೆ. ನೀವೂ ಮಾಡಿ ನೋಡಬಹುದು, ಒಂದು ನಿಮಿಷದ ಕೆಲಸ. ಸ್ಪಂಜನ್ನ ನೀರಲ್ಲಿ ಪೂರ್ತಿ ನೆನೆಸಿ, ಹಿಂಡದೆ, ಅಗಲವಾಗಿ ಮಲಗಿಸಿದ ಹಾಗೆ ಹಿಡಿಯಿರಿ. ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ನಿಲ್ಲುತ್ತೆ. ಇನ್ನು ಒಂದು ಹನಿಯೂ ಬೀಳೋದಿಲ್ಲ ಅನ್ನೋವಾಗ ಅದೇ ಸ್ಪಂಜನ್ನ ಉದ್ದುದ್ದ ನಿಲ್ಲಿಸಿ ಹಿಡಿಯಿರಿ. ಮತ್ತೆ ಧಾರೆ ಶುರುವಾಗುತ್ತೆ! ಸ್ಪಂಜು ಅದೇ, ತೂತು ಅವೇ, ನೀರೂ ಅದೇ. ಬದಲಾಗಿದ್ದು ಎತ್ತರ ಮಾತ್ರ.

ಮಣ್ಣೂ ಹಾಗೇ. ಸಣ್ಣ ಸಣ್ಣ ಸಂದುಗಳಲ್ಲಿ ನೀರನ್ನ ದೀಪದ ಬತ್ತಿ ಎಣ್ಣೆ ಹಿಡಿದ ಹಾಗೆ ಹಿಡಿದುಕೊಂಡಿರುತ್ತೆ. ಆ ಹಿಡಿತ ಬಿಡಿಸಿ ನೀರನ್ನ ಕೆಳಗೆಳೆಯೋದು ನೀರಿನದೇ ಭಾರ. ಮಣ್ಣಿನ ಕಂಬ ಎತ್ತರ ಇದ್ದಷ್ಟೂ ಮೇಲಿನ ಮಣ್ಣು ಬಸಿಯುತ್ತೆ. ನೆಲದಲ್ಲಿ ಮಣ್ಣು ಎಷ್ಟೋ ಅಡಿ ಆಳ, ಅದರ ಜೊತೆ ಇಳಿಜಾರು, ಅದರ ಜೊತೆ ಬಸಿಗಾಲುವೆ. ಕುಂಡದಲ್ಲಿ ಇರೋದು ಒಂದಡಿ. ಅದರ ತಳದ ಎರಡು ಮೂರು ಇಂಚು, ತೂತು ಎಷ್ಟೇ ಇರಲಿ, ನೀರು ಹಾಕಿದ ಮೇಲೆ ನೆನೆದ ಸ್ಪಂಜಿನ ಹಾಗೇ ಉಳಿಯುತ್ತೆ. ಕುಂಡದ ತಳಕ್ಕೆ ಜಲ್ಲಿ ಹಾಕಿದ್ರೆ ನೀರು ಬಸಿಯುತ್ತೆ ಅಂತ ನರ್ಸರಿಯವರೂ ಹೇಳೋದುಂಟು. ಅದು ಸರಿಯಲ್ಲ. ಮಣ್ಣು ಪೂರ್ತಿ ನೆನೆಯೋವರೆಗೆ ನೀರು ಜಲ್ಲಿಗೆ ಇಳಿಯೋದೇ ಇಲ್ಲ. ಆ ಒದ್ದೆ ಪದರ ಜಲ್ಲಿಯ ಮೇಲೆ ಕೂರುತ್ತೆ, ಬೇರಿಗೆ ಇನ್ನೂ ಹತ್ತಿರ. ಮಣ್ಣು ಹೋಗದ ಹಾಗೆ ತೂತಿನ ಮೇಲೆ ಒಂದು ಹೆಂಚಿನ ಚೂರು ಇಟ್ರೆ ಸಾಕು.

ಸ್ಪಂಜನ್ನ ಅಪ್ಪ ಮೂರು ಸಲ ಮಲಗಿಸಿ ನಿಲ್ಲಿಸಿ ನೋಡಿದ. ಆಮೇಲೆ ಏನೂ ಹೇಳದೆ ಎದ್ದು ಹೋಗಿ ಚೀನಿಮಣ್ಣಿನ ಹೊರಕುಂಡದೊಳಗೆ ಕೈ ಇಳಿಸಿದ. ಅದರ ತಳಕ್ಕೆ ತೂತೇ ಇಲ್ಲ. ಮೂರಿಂಚು ನೀರು ನಿಂತಿತ್ತು. "ಬಸಿಗಾಲುವೆಯೇ ಇಲ್ವಲ್ಲೋ ಇದಕ್ಕೆ" ಅಂದ. ಅಷ್ಟು ಹೊತ್ತು ನಾನು ಕೊರೆದ ಭೌತಶಾಸ್ತ್ರವೆಲ್ಲ ಆ ಒಂದು ಮಾತಲ್ಲಿ ಮುಗೀತು.

ಬೇರಿಗೂ ಉಸಿರಾಡಬೇಕು. ಮಣ್ಣಿನ ಸಂದುಗಳಲ್ಲಿ ಗಾಳಿ ಇದ್ರೆ ಆಮ್ಲಜನಕ ಸಲೀಸಾಗಿ ಬೇರು ಮುಟ್ಟುತ್ತೆ. ಅದೇ ಸಂದಿನಲ್ಲಿ ನೀರು ತುಂಬಿದ್ರೆ ಆಮ್ಲಜನಕ ಹರಡೋ ವೇಗ ಗಾಳಿಯಲ್ಲಿರೋದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಉಸಿರು ಕಟ್ಟಿದ ಬೇರು ನೀರೆಳೆಯೋದನ್ನ ನಿಲ್ಲಿಸುತ್ತೆ. ಆಗ ಮೇಲೆ ಎಲೆ ಬಾಡುತ್ತೆ, ಥೇಟ್ ಬಾಯಾರಿದ ಗಿಡದ ಹಾಗೆ. ನೋಡಿದವರು ಅಯ್ಯೋ ಪಾಪ ಅಂತ ಇನ್ನೊಂದು ಚೊಂಬು ಹಾಕ್ತಾರೆ. ನಮ್ಮ ಫೀಲ್ಡಿನಲ್ಲಿ ಇದಕ್ಕೆ ಇನ್ಫೈನೈಟ್ ಲೂಪ್ ಅಂತೀವಿ, ಸಿಸ್ಟಮ್ ಹ್ಯಾಂಗ್ ಆಗೋವರೆಗೆ ನಿಲ್ಲೋದಿಲ್ಲ. ಬಾಡಿದ ಗಿಡ ಕಂಡಾಗ ಮೊದಲು ಬೆರಳನ್ನ ಎರಡಿಂಚು ಮಣ್ಣಿಗೆ ಇಳಿಸಿ ನೋಡಬೇಕು. ಮಣ್ಣು ಒಣಗಿದ್ದು ಎಲೆ ಬಾಡಿದ್ರೆ ನೀರು ಬೇಕು. ಮಣ್ಣು ಒದ್ದೆ ಇದ್ದೂ ಎಲೆ ಬಾಡಿದ್ರೆ ಚೊಂಬು ಕೆಳಗಿಡಬೇಕು.

ಇನ್ನು ಯೂರಿಯಾ. ಇಲ್ಲಿ ಅಪ್ಪನ ಕೈಯಲ್ಲೇ ಲೆಕ್ಕ ಮಾಡಿಸಿದೆ. ಅವನ ಒಂದು ಮುಷ್ಟಿ ಯೂರಿಯಾ ಅಡುಗೆಮನೆಯ ತಕ್ಕಡಿಯಲ್ಲಿ ಐವತ್ತು ಗ್ರಾಮಿನ ಆಸುಪಾಸು ಬಂತು. ತೋಟದಲ್ಲಿ ಅಡಿಕೆ ಮರದಿಂದ ಮರಕ್ಕೆ ಒಂಬತ್ತು ಅಡಿ, ಅಂದ್ರೆ ಒಂದು ಮರದ ಪಾಲಿಗೆ 81 ಚದರಡಿ ನೆಲ. ಹನ್ನೆರಡು ಇಂಚಿನ ಕುಂಡದ ಬಾಯಿ ಮುಕ್ಕಾಲು ಚದರಡಿ ಚಿಲ್ಲರೆ. ನೂರಕ್ಕೆ ಒಂದು. ಹಾಗಾದ್ರೆ ಕುಂಡಕ್ಕೆ ಒಂದು ಮುಷ್ಟಿ ಹಾಕೋದೂ ಒಂದೇ, ಅಡಿಕೆ ಮರದ ಬುಡಕ್ಕೆ ಐದು ಕಿಲೋ ಯೂರಿಯಾ ಸುರಿಯೋದೂ ಒಂದೇ. ಅಡಿಕೆಗೆ ಶಿಫಾರಸು ಇರೋದು ವರ್ಷಕ್ಕೆ ಮರವೊಂದಕ್ಕೆ 100 ಗ್ರಾಂ ಸಾರಜನಕ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಭಾಗ, ಹಾಗಾಗಿ ಇನ್ನೂರ ಇಪ್ಪತ್ತು ಗ್ರಾಂ ಯೂರಿಯಾದಲ್ಲಿ ವರ್ಷದ ಪಾಲು ಮುಗೀತು. ನಮ್ಮ ಕರಿಬೇವಿಗೆ ಇಪ್ಪತ್ತು ವರ್ಷದ ಪಾಲು ಒಂದೇ ಬೆಳಿಗ್ಗೆ ಸಿಕ್ಕಿತ್ತು.

ಹೆಚ್ಚಿನ ಗೊಬ್ಬರ ಬೇರಿಗೆ ಏನು ಮಾಡುತ್ತೆ ಅಂತ ಅಡಿಕೆ ಸೀಮೆಯವರಿಗೆ ವಿವರಿಸೋದು ಸುಲಭ. ಅಪ್ಪೆಮಿಡಿಯನ್ನ ಉಪ್ಪಿಗೆ ಹಾಕ್ತೀವಲ್ಲ, ಎರಡೇ ದಿನಕ್ಕೆ ಮಿಡಿ ನೀರು ಬಿಟ್ಟುಕೊಂಡು ಸುಕ್ಕಾಗೋದಿಲ್ವೇ? ಅದೇ. ಹೊರಗೆ ಲವಣ ಹೆಚ್ಚಾದ್ರೆ ನೀರು ಒಳಗಿಂದ ಹೊರಗೆ ಹೋಗುತ್ತೆ. ಬೇರು ನೀರಿನ ಮಧ್ಯೆ ನಿಂತೇ ಒಣಗುತ್ತೆ. ಯೂರಿಯಾದ್ದು ಇನ್ನೊಂದು ಕಿತಾಪತಿ ಇದೆ. ಅದು ಮಣ್ಣಿನಲ್ಲಿ ಮೊದಲು ಅಮೋನಿಯಾ ರೂಪಕ್ಕೆ ಬರುತ್ತೆ, ಆಮೇಲೆ ಬ್ಯಾಕ್ಟೀರಿಯಾಗಳು ಅದನ್ನ ನೈಟ್ರೇಟ್ ಮಾಡ್ತವೆ. ಈ ಎರಡನೇ ಕೆಲಸಕ್ಕೆ ಆಮ್ಲಜನಕ ಬೇಕೇ ಬೇಕು. ನೀರು ನಿಂತ ಕುಂಡದಲ್ಲಿ ಆಮ್ಲಜನಕ ಎಲ್ಲಿಂದ ಬರಬೇಕು? ಅಮೋನಿಯಾ ಅಲ್ಲೇ ಕೂತು ಬೇರನ್ನ ಸುಡುತ್ತೆ. ನೀರು ಹೆಚ್ಚಾಗಿದ್ದೂ ಗೊಬ್ಬರ ಹೆಚ್ಚಾಗಿದ್ದೂ ಬೇರೆ ಬೇರೆ ಬಂದಿದ್ರೆ ಗಿಡ ಹೇಗೋ ತಡ್ಕೊಳ್ತಿತ್ತೇನೋ, ಎರಡೂ ಸೇರಿ ಬಂದವು.

ಚಿಕಿತ್ಸೆಯ ಪೇಚಾಟವೂ ಇದೇ. ಬರೀ ಗೊಬ್ಬರ ಹೆಚ್ಚಾಗಿದ್ರೆ ಔಷಧಿ ನೀರು. ಕುಂಡದ ಗಾತ್ರದ ಮೂರು ನಾಲ್ಕು ಪಟ್ಟು ನೀರನ್ನ ನಿಧಾನಕ್ಕೆ ಹಾಯಿಸಿ, ತಳದಿಂದ ಪೂರ್ತಿ ಹರಿದು ಹೋಗೋಕೆ ಬಿಟ್ರೆ ಲವಣ ತೊಳೆದು ಹೋಗುತ್ತೆ. ಬರೀ ನೀರು ಹೆಚ್ಚಾಗಿದ್ರೆ ಔಷಧಿ ಒಣಗಿಸೋದು. ಎರಡೂ ಇದ್ದಾಗ ಒಂದರ ಮದ್ದು ಇನ್ನೊಂದಕ್ಕೆ ವಿಷ. ಉಳಿದ ದಾರಿ ಒಂದೇ, ಗಿಡವನ್ನ ಕಿತ್ತು ಆ ಮಣ್ಣನ್ನೇ ಬಿಸಾಕೋದು. ನೀರೂ ಹೋಯ್ತು, ಯೂರಿಯಾನೂ ಹೋಯ್ತು.

ಜುಲೈ ಮೊದಲ ಭಾನುವಾರ ಬಾಲ್ಕನಿಯಲ್ಲಿ ಆಪರೇಷನ್ ಥಿಯೇಟರ್ ತಯಾರಾಯ್ತು. ಅಪ್ಪನಿಗೆ ಕೆಳಗೆ ಕೂರೋಕಾಗಲ್ಲ, ಹಾಗಾಗಿ ಊಟದ ಟೇಬಲ್ಲಿಗೆ ಹಳೇ ಪೇಪರ್ ಹಾಸಿದ್ದಾಯ್ತು. ಕುಂಡ ಮಗುಚಿ ತಳ ತಟ್ಟಿದ್ರೆ ಮಣ್ಣಿನ ಹೆಂಟೆ ಜಾರಿ ಬಂತು. ವಾಸನೆ ಅಂದ್ರೆ ವಾಸನೆ! ಕೊಳೆತ ಮೊಟ್ಟೆ ಮತ್ತು ಮೋರಿ ಎರಡೂ ಸೇರಿದ್ದು. ಗಾಳಿಯಿಲ್ಲದ ಕಡೆ ಬದುಕೋ ಬ್ಯಾಕ್ಟೀರಿಯಾಗಳು ಮಾಡೋ ಹೈಡ್ರೋಜನ್ ಸಲ್ಫೈಡ್ ಅದು. ಮೂಗು ಸರಿ ಇದ್ರೆ ರೋಗ ಗುರುತಿಸೋಕೆ ಬೇರೇನೂ ಬೇಡ.

ಬೇರನ್ನ ಬಕೆಟ್ಟಿನ ನೀರಲ್ಲಿ ಅಲುಗಿಸಿ ತೊಳೆದೆವು. ಮುಂದಿನದೆಲ್ಲ ಅಪ್ಪನ ಕೆಲಸ. ಕತ್ತರಿಗೆ ಸ್ಪಿರಿಟ್ ಒರೆಸಿ, ಕನ್ನಡಕ ಏರಿಸಿಕೊಂಡು ಒಂದೊಂದೇ ಬೇರು ಹಿಡಿದು ನೋಡ್ತಾ ಹೋದ. ಜೀವ ಇರೋ ಬೇರು ಕೆನೆ ಬಣ್ಣ, ಎಳೆದ್ರೆ ಗಟ್ಟಿ. ಸತ್ತದ್ದು ಕಂದು ಅಥವಾ ಕಪ್ಪು. ಎರಡು ಬೆರಳಲ್ಲಿ ಹಿಡಿದು ಎಳೆದ್ರೆ ಮೇಲಿನ ಸಿಪ್ಪೆ ಕೈಗೆ ಬಂದು ಒಳಗೆ ದಾರದ ಹಾಗಿನ ನಾರು ಮಾತ್ರ ಉಳಿಯುತ್ತೆ. ಅದನ್ನೆಲ್ಲ ಗಟ್ಟಿ ಭಾಗ ಸಿಗೋವರೆಗೆ ಕತ್ತರಿಸಬೇಕು. ಮೂರನೇ ಎರಡು ಭಾಗ ಬೇರು ಪೇಪರ್ ಮೇಲೆ ಬಿತ್ತು. ನನಗಂತೂ ಆಸೆ ಬಿಟ್ಟೇಹೋಗಿತ್ತು. ಅಪ್ಪ ಮಾತ್ರ, "ಇದು ಕೊಳೆ ಮಾರಾಯ. ಗೊನೆಗೆ ಬರೋದು ಇಲ್ಲಿ ಬೇರಿಗೆ ಬಂದಿದೆ, ಅಷ್ಟೇ" ಅಂದ.

ಅವನು ಊಹೆಯಲ್ಲಿ ಹೇಳಿದ ಮಾತು ಶಾಸ್ತ್ರಕ್ಕೂ ದೂರ ಇಲ್ಲ. ಅಡಿಕೆಗೆ ಕೊಳೆರೋಗ ತರೋದು ಫೈಟಾಫ್ತರಾ ಅನ್ನೋ ಜಾತಿ. ನೆನೆದ ಕುಂಡಗಳಲ್ಲಿ ಬೇರು ಕೊಳೆಸೋರಲ್ಲಿ ಮುಖ್ಯರಾದವರು ಅದರದೇ ಕುಟುಂಬದ ಪೈಥಿಯಂ ಮತ್ತು ಫೈಟಾಫ್ತರಾಗಳು. 1845ರ ನಂತರ ಐರ್ಲೆಂಡಿನಲ್ಲಿ ಆಲೂಗಡ್ಡೆ ಕೊಳೆಸಿ ಕ್ಷಾಮ ತಂದದ್ದೂ ಇದೇ ಬಳಗದ್ದು. ನಾವು ಇವನ್ನ ಶಿಲೀಂಧ್ರ ಅಂತ ಕರೆದರೂ ಇವು ನಿಜವಾದ ಶಿಲೀಂಧ್ರಗಳಲ್ಲ, ನೀರಬೂಷ್ಟುಗಳು. ಇವುಗಳ ಬೀಜಕಣಕ್ಕೆ ಎರಡು ಬಾಲ ಇರ್ತವೆ, ನೀರಿನಲ್ಲಿ ಈಜಿಕೊಂಡು ಹೊಸ ಬೇರು ಹುಡುಕಿ ಹೋಗ್ತವೆ. ನೀರು ನಿಲ್ಲದಿದ್ರೆ ಈಜೋಕೆ ಜಾಗ ಇಲ್ಲ. ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಈ ರೋಗದ ಬಗ್ಗೆ 1910ರಲ್ಲೇ ಪುಸ್ತಿಕೆ ಬರೆದರು. ಕೊಳೆರೋಗ ಅನ್ನೋ ನಮ್ಮ ಶಬ್ದವನ್ನ ಹಾಗೇ ಇಟ್ಟುಕೊಂಡರು, ಅದು ಇವತ್ತಿಗೂ ಇಂಗ್ಲಿಷ್ ಪುಸ್ತಕಗಳಲ್ಲಿ ಕೊಳೆರೋಗವೇ. ಅಪ್ಪನಿಗೆ ಇದನ್ನ ಹೇಳಿದಾಗ ಭಾರೀ ಖುಷಿಯಾಯ್ತು. ಸಂಜೆ ಊರಿಗೆ ಫೋನು ಮಾಡಿದಾಗ ಕೊನೆಗೌಡನಿಗೂ ಹೇಳಿದ. ಅವನು, "ಹೌದನ್ರೀ, ಮಳೆ ಬಿಟ್ಟಿಲ್ಲ" ಅಂದನಂತೆ.

ಬೇರು ಮೂರನೇ ಎರಡು ಹೋದ ಮೇಲೆ ತಲೆಯ ಮೇಲಿನ ಭಾರವನ್ನೂ ಇಳಿಸಬೇಕು. ಇದ್ದಷ್ಟು ಬೇರು ಅಷ್ಟೂ ಎಲೆಗೆ ನೀರು ಒದಗಿಸೋಕಾಗಲ್ಲ. ಅರ್ಧಕ್ಕಿಂತ ಹೆಚ್ಚು ಕೊಂಬೆ ತೆಗೆದೆವು. ಆ ಸೊಪ್ಪನ್ನ ಅಡುಗೆಗೆ ಬಳಸೋದು ಬೇಡ ಅಂದ ಅಪ್ಪ. ಹೊಸ ಕುಂಡ ಎಂಟು ಇಂಚಿನ ಸುಟ್ಟ ಮಣ್ಣಿನದು. ಇಲ್ಲಿ ಬಹಳ ಜನಕ್ಕೆ ಮನಸ್ಸು ಬರೋದಿಲ್ಲ. ಹುಷಾರಿಲ್ಲದ ಗಿಡಕ್ಕೆ ದೊಡ್ಡ ಜಾಗ ಕೊಡೋಣ ಅನ್ನಿಸುತ್ತೆ. ದೊಡ್ಡ ಕುಂಡ ಅಂದ್ರೆ ಹೆಚ್ಚು ಮಣ್ಣು, ಹೆಚ್ಚು ಮಣ್ಣು ಅಂದ್ರೆ ಹೆಚ್ಚು ನೀರು, ಅದನ್ನ ಕುಡಿಯೋ ಬೇರಿಲ್ಲ. ಮಣ್ಣಿನ ಕುಂಡದ ಗೋಡೆಯೂ ನೀರು ಹೀರಿ ಹೊರಗೆ ಆರಿಸುತ್ತೆ ಅನ್ನೋದು ಇನ್ನೊಂದು ಲಾಭ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ತೊಳೆದ ದಪ್ಪ ಮರಳು, ಒಂದು ಪಾಲು ಹಳೇ ಎಲೆಗೊಬ್ಬರ. ಮರಳನ್ನ ಯಾಕೆ ತೊಳೀಬೇಕು ಅಂದ್ರೆ, ಬೆಂಗಳೂರಲ್ಲಿ ಸಿಗೋ ಎಂ-ಸ್ಯಾಂಡಿನಲ್ಲಿ ಕಲ್ಲಿನ ಪುಡಿ ವಿಪರೀತ ಇರುತ್ತೆ, ಅದು ಸಂದುಗಳನ್ನ ಕಟ್ಟಿಬಿಡುತ್ತೆ. ನೆಟ್ಟು, ಒಂದೇ ಒಂದು ಸಲ ನೀರು ಹಾಕಿ, ಪೂರ್ತಿ ಬಸಿಯೋಕೆ ಬಿಟ್ಟು, ಬಿಸಿಲು ನೇರ ಬೀಳದ ಆದರೆ ಬೆಳಕಿರೋ ಮೂಲೆಗೆ ಇಟ್ಟೆವು. ಚೀನಿಮಣ್ಣಿನ ಕುಂಡದಲ್ಲಿ ಈಗ ಕೊಡೆಗಳಿವೆ.

ಆಮೇಲೆ ಶುರುವಾಯ್ತು ನೋಡಿ ಸಲಹೆಗಳು. ದಾಲ್ಚಿನ್ನಿ ಪುಡಿ, ಅರಿಶಿನ, ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು, ಟೀ ಪುಡಿ, ಎಪ್ಸಮ್ ಸಾಲ್ಟ್. ಆಂಟಿ ಮತ್ತೆ ಮಜ್ಜಿಗೆ ಪಾತ್ರೆ ಹಿಡಿದು ಬಂದರು. ಒದ್ದೆ ಮಣ್ಣಿಗೆ ಮಜ್ಜಿಗೆ ಹಾಕಿದ್ರೆ ಅದನ್ನ ಕೊಳೆಸೋ ಸೂಕ್ಷ್ಮಾಣುಗಳು ಉಳಿದ ಚೂರುಪಾರು ಆಮ್ಲಜನಕವನ್ನೂ ಖಾಲಿ ಮಾಡ್ತವೆ. ಆದರೆ ಇಷ್ಟು ಪ್ರೀತಿಯಿಂದ ಬಂದವರಿಗೆ ಅದನ್ನ ಹೇಳೋದು ಹೇಗೆ? ನಾನು ತಡವರಿಸುತ್ತಿದ್ದಾಗ ಅಪ್ಪನೇ ಉತ್ತರ ಕೊಟ್ಟ: "ಆಪರೇಷನ್ ಆದ ದಿನ ನನಗೆ ಆಸ್ಪತ್ರೇಲಿ ಹೋಳಿಗೆ ಊಟ ಹಾಕಿದ್ರಾ ಅಮ್ಮ? ಗಂಜಿ ಕೊಟ್ಟಿದ್ದೇ ಮರುದಿನ." ಆಂಟಿ ನಕ್ಕು ಮಜ್ಜಿಗೆಯನ್ನ ನಮಗೇ ಕೊಟ್ಟು ಹೋದರು. ಬೇರೇ ಇಲ್ಲದ ಗಿಡಕ್ಕೆ ಹೊಸ ಚಿಗುರು ಬಂದು ಒಂದು ತಿಂಗಳಾಗೋವರೆಗೆ ಯಾವ ಗೊಬ್ಬರವೂ ಬೇಡ, ಸಾವಯವವೂ ಬೇಡ.

ಈಗ ಅಸಲಿ ಸಮಸ್ಯೆ. ಗಿಡಕ್ಕೆ ನೀರು ಬೇಡ ಸರಿ, ಅಪ್ಪ ಏನು ಮಾಡಬೇಕು? ದಿನಕ್ಕೆ ನಾಲ್ಕು ಸಲ ನಡೆಯೋದು ತಪ್ಪುವ ಹಾಗಿಲ್ಲ. ಊರಿನ ಫೋನು ದಿನದಿಂದ ದಿನಕ್ಕೆ ಕೆಟ್ಟ ಸುದ್ದಿಯನ್ನೇ ತರ್ತಿತ್ತು. ಎರಡನೇ ಔಷಧಿ ಇನ್ನೂ ಆಗಿಲ್ಲ, ಕೆಳಗಿನ ಬಣ್ಣದಲ್ಲಿ ಕಾಯಿ ಉದುರೋಕೆ ಶುರುವಾಗಿದೆ. ಕೈ ಕಟ್ಟಿ ಕೂತ ಮನುಷ್ಯನಿಗೆ "ನೀನು ಏನೂ ಮಾಡಬೇಡ, ಅದೇ ಚಿಕಿತ್ಸೆ" ಅಂತ ಹೇಳೋದು ನನಗೆ ಯಾಕೋ ಬಾಯಿಗೇ ಬರಲಿಲ್ಲ.

ಅವನೇ ದಾರಿ ಹುಡುಕಿದ. ಮಂಡಿಗೆ ಭಾರ ಆಗಬಾರದು, ತೂಕ ನೋಡ್ಕೊಳ್ಳಿ ಅಂತ ಡಾಕ್ಟರು ಹೇಳಿದ್ದಕ್ಕೆ ಮನೆಗೆ ನಿಂತು ನೋಡೋ ತಕ್ಕಡಿ ಬಂದಿತ್ತು. ಒಂದು ಬೆಳಿಗ್ಗೆ ನೋಡಿದ್ರೆ ಅಪ್ಪ ಅದರ ಮೇಲೆ ಕರಿಬೇವಿನ ಕುಂಡ ಇಡಿಸಿಕೊಂಡಿದ್ದಾನೆ, ಕೈಯಲ್ಲಿ ನೋಟ್‌ಬುಕ್. ಊರಲ್ಲಿ ಮಳೆ ಬರೆಯೋ ಪುಸ್ತಕದ ಥರವೇ ಗೆರೆ ಹೊಡೆದಿದ್ದಾನೆ: ತಾರೀಕು, ತೂಕ, ಬಿಸಿಲು/ಮೋಡ, ಷರಾ. ನೀರು ಹಾಕಿ ಬಸಿದ ಮೇಲೆ 7.9 ಕಿಲೋ. ಮರುದಿನವೂ 7.9. ಅದರ ಮರುದಿನ 7.8. ಬೆರಳಿಟ್ಟು ನೋಡೋದಕ್ಕಿಂತ ಇದು ಎಷ್ಟೋ ಉತ್ತಮ ವಿಧಾನ, ಯಾಕಂದ್ರೆ ಬೆರಳಿಗೆ ಸಿಗೋದು ಮೇಲಿನ ಎರಡಿಂಚಿನ ಸುದ್ದಿ, ತಳದ್ದಲ್ಲ. ತೂಕ ಸುಳ್ಳು ಹೇಳೋದಿಲ್ಲ. 6.9ಕ್ಕೆ ಇಳಿದಾಗ ನೀರು, ಅಲ್ಲಿಯವರೆಗೆ ಹನಿಯೂ ಇಲ್ಲ ಅಂತ ಒಪ್ಪಂದವಾಯ್ತು. ಮೊದಲ ಸಲ 6.9 ಆಗೋಕೆ ಹನ್ನೆರಡು ದಿನ ಬೇಕಾಯ್ತು! ಅಪ್ಪ ದಿನಕ್ಕೆ ನಾಲ್ಕು ಸಲ ಬಾಲ್ಕನಿಗೆ ನಡೆದ, ನಾಲ್ಕು ಸಲವೂ ತೂಕ ಬರೆದ.

ಆ ನೋಟ್‌ಬುಕ್ಕಿನಲ್ಲಿ ನನಗೆ ಇಷ್ಟವಾದದ್ದು ಆಗಸ್ಟ್ ಎರಡನೇ ವಾರದ ಪುಟ. ಅಲ್ಲಿಯವರೆಗೆ ಎರಡು ದಿನಕ್ಕೆ ನೂರು ಗ್ರಾಂ, ಹೆಚ್ಚಂದ್ರೆ ದಿನಕ್ಕೆ ನೂರು ಗ್ರಾಂ ಇಳೀತಿದ್ದ ತೂಕ ಇದ್ದಕ್ಕಿದ್ದ ಹಾಗೆ ದಿನಕ್ಕೆ ಇನ್ನೂರು ಇಳಿಯೋಕೆ ಶುರುವಾಯ್ತು. ಕಣ್ಣಿಗೆ ಗಿಡ ಹಾಗೇ ಇದೆ, ಬೋಳು ಕಡ್ಡಿ, ನಾಲ್ಕೈದು ಗರಿ ಎಲೆ. ಷರಾದಲ್ಲಿ ಅಪ್ಪ ಬರೆದಿದ್ದಾನೆ: "ಮೋಡ. ಆದರೂ 200. ಕುಡಿಯುತ್ತಿದೆ." ಬಿಸಿಲಿಗೆ ಆರಿದ್ದಲ್ಲ, ಬೇರು ಎಳೆದದ್ದು ಅಂತ ಅರ್ಥ. ನಾಲ್ಕು ದಿನ ಕಳೆದು ಗೆಣ್ಣಿನ ಹತ್ತಿರ ಸಾಸಿವೆ ಕಾಳಿನಷ್ಟು ಹಸಿರು ಕಂಡಿತು. ನಮ್ಮ ಆಫೀಸಿನಲ್ಲಿ ಸರ್ವರ್ ಬಿದ್ದು ಎದ್ದಾಗ ಮೊದಲು ಅಲುಗೋದು ಗ್ರಾಫು, ಯೂಸರ್‌ಗಳಿಗೆ ಗೊತ್ತಾಗೋದು ಆಮೇಲೆ. ಅದನ್ನ ಅಪ್ಪನಿಗೆ ಹೇಳಿದೆ. "ಹಾಂ" ಅಂದ, ಊರಿಗೆ ಫೋನು ಹಚ್ಚಿದ.

ತೋಟದ ಕಥೆ ಇಷ್ಟು ಚೆನ್ನಾಗಿ ಮುಗೀಲಿಲ್ಲ. ಎರಡನೇ ಸುತ್ತು ಔಷಧಿ ಆದದ್ದು ಆಗಸ್ಟಿನಲ್ಲಿ. ಅಷ್ಟರಲ್ಲಿ ಹಳ್ಳದ ಬದಿಯ ಬಣ್ಣದಲ್ಲಿ ಗೊನೆಗೆ ಗೊನೆಯೇ ಖಾಲಿ. ಮೂರನೇ ಒಂದು ಭಾಗ ಫಸಲು ಹೋಯ್ತು ಅಂತ ಅಪ್ಪನ ಅಂದಾಜು. ಸೆಪ್ಟೆಂಬರಿನಲ್ಲಿ ಕೋಲು ಊರಿಕೊಂಡು ಊರಿಗೆ ಹೋದವನು ಮೊದಲ ವಾರವೇ ಆ ಬದಿಯ ಬಸಿಗಾಲುವೆಯನ್ನ ಇನ್ನೊಂದು ಅಡಿ ಆಳ ತೋಡಿಸಿದ. ಮಂಡಿ ಜೋಪಾನ ಅಂತ ನಾನು ಫೋನಿನಲ್ಲಿ ಕೂಗಾಡಿದ್ದಕ್ಕೆ, ದಂಡೆಯ ಮೇಲೆ ಕುರ್ಚಿ ಹಾಕಿಕೊಂಡು ತೋಡಿಸಿದೆ ಅಂದ. ಕುರ್ಚಿ ಇತ್ತೋ ಇಲ್ಲವೋ ಅಮ್ಮನೂ ಹೇಳ್ತಿಲ್ಲ.

ನೋಟ್‌ಬುಕ್ ಈಗ ನನ್ನ ಕೈಗೆ ಬಂದಿದೆ. ಚಳಿಗಾಲದಲ್ಲಿ ಕರಿಬೇವು ಬೆಳೆಯೋದನ್ನ ಹೆಚ್ಚುಕಡಿಮೆ ನಿಲ್ಲಿಸುತ್ತೆ. ಡಿಸೆಂಬರ್ ಜನವರಿಯಲ್ಲಿ ವಾರಕ್ಕೊಂದು ಸಲ ನೀರು ಹಾಕಿದ್ದೂ ಜಾಸ್ತಿಯೇ ಆಯ್ತು ಅಂತ ತೂಕ ಹೇಳಿತು. ಫೆಬ್ರವರಿ ಕೊನೆಗೆ ಚಿಗುರು ಒತ್ತಿಕೊಂಡು ಬಂದಾಗ ಮೂರು ದಿನಕ್ಕೊಮ್ಮೆ ನೀರು, ತಿಂಗಳಿಗೊಮ್ಮೆ ಎರಡು ಚಮಚ ಬೇವಿನ ಹಿಂಡಿ, ಅಷ್ಟೇ. ಎಲೆ ಸಣ್ಣದು, ಘಮ ಮಾತ್ರ ಒಗ್ಗರಣೆಗೆ ಎರಡೇ ಎಲೆ ಸಾಕು ಅನ್ನೋ ಹಾಗಿದೆ. ಬುಡದ ಪಕ್ಕ ಬೇರಿನಿಂದ ಎರಡು ಮರಿ ಗಿಡ ಎದ್ದಿದ್ದವು. ಒಂದನ್ನ ಮಾಲಿ ಕೇಳಿದ್ದ. ಮಳೆ ಹಿಡಿಯಲಿ, ಬೇರು ಸರಿಯಾಗಿ ಕೂರಲಿ ಅಂತ ಅಪ್ಪ ಫೋನಿನಲ್ಲೇ ತಡೆದು, 2025ರ ಜೂನಿನಲ್ಲಿ ಅಪ್ಪಣೆ ಕೊಟ್ಟ. ಮಾಲಿ ಅದನ್ನ ಗೇಟಿನ ಪಕ್ಕ ನೆಲಕ್ಕೇ ನೆಟ್ಟಿದ್ದಾನೆ. ಕಾಂಪೌಂಡಿನ ನೀರು ಹರಿದು ಹೋಗೋ ಸಣ್ಣ ಚರಂಡಿ ಅಲ್ಲೇ ಪಕ್ಕದಲ್ಲಿದೆ. ಅದು ಕಸ ಕಟ್ಟಿಕೊಂಡಿದೆಯಾ ಅಂತ ಅಪ್ಪ ಭಾನುವಾರಗಳಂದು ಕೇಳ್ತಾನೆ.